ಗೊಂಬೆ ಪೆಟ್ಟಿಗೆ ಬಾಗಿಲ ಬಳಿ ಇರಲಿ

ನವರಾತ್ರಿಗೆ ಎರಡೇ ದಿನ ಉಳಿದಿತ್ತು. ಬೆಂಗಳೂರಿನ ಹೊರವಲಯದ ಗೋದಾಮೊಂದರ ಎರಡನೇ ಮಹಡಿಯಲ್ಲಿ ಶಟರ್ ಎತ್ತಿ ನಾನು, ಅಕ್ಕ ನಿಂತಿದ್ದೆವು. ಹತ್ತಡಿ ಉದ್ದ, ಹತ್ತಡಿ ಅಗಲದ ತಗಡಿನ ಕೋಣೆ. ಒಳಗೆ ನಮ್ಮ ಇಡೀ ಮನೆ ಇತ್ತು: ಅಪ್ಪನ ತೇಗದ ಬೀರು, ಕಾಲು ಕಳಚಿದ ಊಟದ ಮೇಜು, ಹೊಲಿಗೆ ಯಂತ್ರ, ತಾಮ್ರದ ಹಂಡೆ, ಶಾವಿಗೆ ಒರಳು, ತಲೆಗಿಂತ ಎತ್ತರಕ್ಕೆ ಪೇರಿಸಿದ ರಟ್ಟಿನ ಪೆಟ್ಟಿಗೆಗಳು. ನಮಗೆ ಬೇಕಿದ್ದದ್ದು ಒಂದು ಟ್ರಂಕು ಮಾತ್ರ, ಅಮ್ಮನ ದಸರಾ ಗೊಂಬೆಗಳದ್ದು. ಅದು ಹಿಂದಿನ ಗೋಡೆಗೆ ಆತುಕೊಂಡು, ಎಲ್ಲದರ ಹಿಂದೆ, ಎಲ್ಲದರ ಕೆಳಗೆ ಇತ್ತು.

‘ಮೊದಲು ಒಳಗೆ ಹೋಗಿದ್ದೇ ಅದು ಕಣೋ’ ಎಂದಳು ಅಕ್ಕ. ನಿಜ. ಜೋಪಾನವಾಗಿರಲಿ ಎಂದು ಎಲ್ಲಕ್ಕಿಂತ ಮೊದಲು ಅದನ್ನೇ ಇಟ್ಟಿದ್ದೆವು. ಅಂದು ಮನೆಯ ಅರ್ಧದಷ್ಟು ಸಾಮಾನನ್ನು ಓಣಿಗೆ ತೆಗೆದು, ಟ್ರಂಕು ಎಳೆದು, ಮತ್ತೆ ಎಲ್ಲವನ್ನೂ ಒಳಗೆ ತುಂಬುವ ಹೊತ್ತಿಗೆ ಮೂರೂವರೆ ಗಂಟೆ ಕಳೆದಿತ್ತು. ಅಪ್ಪನ ಪುಸ್ತಕಗಳ ಒಂದು ಪೆಟ್ಟಿಗೆ ತಳದಲ್ಲಿ ತೇವ ಹಿಡಿದಿದ್ದು ಕಂಡದ್ದೂ ಆಗಲೇ.

30x40 ಸೈಟಿನ ನಮ್ಮ ಹಳೆಯ ಮನೆಯನ್ನು ಕೆಡವಿ ಹೊಸದಾಗಿ ಕಟ್ಟಿಸುತ್ತಿದ್ದೆವು. 14 ತಿಂಗಳ ಕೆಲಸ ಎಂದಿದ್ದರು, ಹಿಡಿದದ್ದು 19 ತಿಂಗಳು. ಅಷ್ಟೂ ದಿನ ನಾವು ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ನಮ್ಮ ಸಾಮಾನು ಇನ್ನೊಂದು ಬಾಡಿಗೆ ಕೋಣೆಯಲ್ಲಿತ್ತು. ಆ ಕೋಣೆ ನನಗೆ ಕಲಿಸಿದ್ದನ್ನೂ, ಕಲಿತ ಮೇಲೆ ಹುಡುಕಿ ತಿಳಿದುಕೊಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಅಟ್ಟಕ್ಕೊಂದು ಕಾಲವಿತ್ತು

ಸಾಮಾನು ಇಡುವ ವಿದ್ಯೆ ನಮಗೆ ಹೊಸದಲ್ಲ. ಮಲೆನಾಡಿನ ಮನೆಗಳಲ್ಲಿ ಅಟ್ಟವಿತ್ತು, ಗೋಡೆಯ ಮೇಲೆ ನಾಗಂದಿಗೆ ಇತ್ತು. ಕರಾವಳಿಯವರು ಅಕ್ಕಿಯನ್ನು ಬೈಹುಲ್ಲಿನ ಹಗ್ಗದಲ್ಲಿ ಬಿಗಿದು ಮುಡಿ ಕಟ್ಟಿ ಇಡುತ್ತಿದ್ದರು. ಬಯಲುಸೀಮೆಯಲ್ಲಿ ಕಣಜ, ಗುಡಾಣಗಳ ಜತೆಗೆ ಹಗೇವು ಇತ್ತು. ಗಟ್ಟಿ ನೆಲವನ್ನು ಆಳಕ್ಕೆ ತೋಡಿ, ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಹಗೇವು ತೆಗೆದಾಗ ತಕ್ಷಣ ಯಾರೂ ಇಳಿಯುತ್ತಿರಲಿಲ್ಲ. ಒಳಗೆ ಕಟ್ಟಿಕೊಂಡ ಗಾಳಿಯಲ್ಲಿ ಉಸಿರು ಕಟ್ಟಿ ಸಾಯುವ ಅಪಾಯವಿತ್ತು. ಮೊದಲು ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಇಳಿಯುತ್ತಿದ್ದರು.

ಈ ಜಾಗಗಳಿಗೆಲ್ಲ ಒಂದು ಸಮಾನ ಗುಣವಿತ್ತು. ಪ್ರತಿಯೊಂದಕ್ಕೂ ತೆಗೆಯುವ ಕಾಲ ಗೊತ್ತಿತ್ತು. ಕಣಜ ಸುಗ್ಗಿಗೆ ತುಂಬಿ ಮಳೆಗಾಲದಲ್ಲಿ ಇಳಿಯುತ್ತಿತ್ತು. ಹಗೇವು ತೆರೆಯುತ್ತಿದ್ದುದು ಬರಕ್ಕೋ ಮದುವೆಗೋ. ಅಟ್ಟದ ಹಂಡೆ, ಕೊಪ್ಪರಿಗೆ ಹಬ್ಬ ತಿಥಿಗಳಿಗೆ ಕೆಳಗಿಳಿದು ಹೊಳಪು ಕಂಡು ಮತ್ತೆ ಮೇಲೆ ಹೋಗುತ್ತಿದ್ದವು. ಇಟ್ಟವರಿಗೆ ಏನು ಇಟ್ಟಿದ್ದೇವೆ ಎಂಬುದೂ ಗೊತ್ತಿತ್ತು, ಯಾವಾಗ ತೆಗೆಯುತ್ತೇವೆ ಎಂಬುದೂ ಗೊತ್ತಿತ್ತು.

ಈಗಿನ ಫ್ಲ್ಯಾಟುಗಳಲ್ಲಿ ಅಟ್ಟವಿಲ್ಲ. ಸಜ್ಜದ ಜಾಗವನ್ನು ಮಾಡ್ಯುಲರ್ ಅಡುಗೆಮನೆಯ ಕಪಾಟು ನುಂಗಿದೆ. ಸಾಮಾನು ಮಾತ್ರ ಕಡಿಮೆಯಾಗಿಲ್ಲ. ಹೀಗಾಗಿ ಬೆಂಗಳೂರಿನಂಥ ಊರಿನಲ್ಲಿ ಅಟ್ಟವೇ ಬಾಡಿಗೆಗೆ ಸಿಗುವ ವ್ಯಾಪಾರ ಬೆಳೆದಿದೆ. ಮನೆ ಕೆಡವಿ ಕಟ್ಟುವವರು, ಎರಡು ವರ್ಷಕ್ಕೆಂದು ವಿದೇಶಕ್ಕೆ ಹೊರಟ ದಂಪತಿ, ವರ್ಗವಾದ ನೌಕರರು, ತಂದೆತಾಯಿ ತೀರಿಕೊಂಡ ಮೇಲೆ ಊರಿನ ಮನೆಯನ್ನು ಖಾಲಿ ಮಾಡಬೇಕಾದ ಮಕ್ಕಳು, ಹಳೆಯ ಕಡತ ಇಡಲು ಜಾಗವಿಲ್ಲದ ವಕೀಲರು, ಮನೆಯಿಂದಲೇ ಸೀರೆ ಮಾರುವ ಹೆಂಗಸರು ಇದರ ಗಿರಾಕಿಗಳು. 2020ರಲ್ಲಿ ಕಚೇರಿಗಳು ಮುಚ್ಚಿದಾಗ ಫ್ಲ್ಯಾಟ್ ಬಿಟ್ಟು ಊರಿಗೆ ಹೊರಟ ಎಷ್ಟೋ ಐಟಿ ನೌಕರರ ಮಂಚ, ಫ್ರಿಜ್ಜು, ಬೈಕು ಉಳಿದದ್ದು ಇಂಥ ಗೋದಾಮುಗಳಲ್ಲಿ.

ಮೈಸೂರಿನಲ್ಲಿ ಸಿಕ್ಕ ಕೈಪಿಡಿ

ಸಂಗ್ರಹದ ಬಗ್ಗೆ ಬಹು ಹಿಂದೆಯೇ ಯೋಚಿಸಿದ ಒಂದು ಗ್ರಂಥ ನಮ್ಮದೇ ನಾಡಿನ ಸಂಗ್ರಹದಿಂದ ಹೊರಬಂತು. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಗುರುತಿಸಿದ್ದು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ. 1891ರಲ್ಲಿ ಸ್ಥಾಪನೆಯಾದ ಆ ಸಂಸ್ಥೆ ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ. ಅವರು 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಅಲ್ಲಿಯ ತಾಳೆಗರಿಗಳಿಗೆ ನಿಂಬೆಹುಲ್ಲಿನ ಎಣ್ಣೆ ಸವರಿ, ಹುಳು ಹಿಡಿಯದಂತೆ ನೋಡಿಕೊಳ್ಳುತ್ತಾರೆ. ಕಾಪಾಡಿ ಇಡುವುದರ ಜತೆಗೆ ಆಗಾಗ ತೆಗೆದು ನೋಡುವವರೂ ಇದ್ದರೆ ಮಾತ್ರ ಸಂಗ್ರಹಕ್ಕೆ ಜೀವ ಇರುತ್ತದೆ ಎಂಬುದಕ್ಕೆ ಆ ಗ್ರಂಥವೇ ಸಾಕ್ಷಿ.

ಅದರೊಳಗೆ ಉಗ್ರಾಣಗಳ ಹೊಣೆ ಹೊತ್ತ ಸನ್ನಿಧಾತ ಎಂಬ ಅಧಿಕಾರಿ ಬರುತ್ತಾನೆ. ನೂರು ವರ್ಷದ ಹಿಂದಿನ ಲೆಕ್ಕ ಕೇಳಿದರೂ ಅವನು ತಡವರಿಸದೆ ಹೇಳಬೇಕು ಎನ್ನುತ್ತದೆ ಗ್ರಂಥ. ಉಗ್ರಾಣದ ಧಾನ್ಯದಲ್ಲಿ ಅರ್ಧವನ್ನು ಜನರ ಕಷ್ಟಕಾಲಕ್ಕೆ ಮೀಸಲಿಟ್ಟು ಉಳಿದರ್ಧ ಬಳಸಬೇಕು, ಹೊಸದು ಬಂದಂತೆ ಹಳೆಯದನ್ನು ಹೊರಗೆ ತೆಗೆಯಬೇಕು ಎಂಬ ನಿಯಮವೂ ಇದೆ. ಇನ್ನೊಬ್ಬರಲ್ಲಿ ಇಟ್ಟ ವಸ್ತುವಿನ ಬಗೆಗೂ ಒಂದು ಅಧ್ಯಾಯವಿದೆ. ಬೆಂಕಿ, ಪ್ರವಾಹ, ಶತ್ರುದಾಳಿಯಂಥ ಕಾರಣಕ್ಕೆ ವಸ್ತು ನಾಶವಾದರೆ ಇಟ್ಟುಕೊಂಡವನು ಅದನ್ನು ತುಂಬಿಕೊಡಬೇಕಿಲ್ಲ. ತಾನೇ ಬಳಸಿಕೊಂಡರೆ ಅದಕ್ಕೆ ಬೆಲೆ ತೆರಬೇಕು. ಇಂದಿನ ಗೋದಾಮಿನ ಕರಾರುಪತ್ರವನ್ನು ಬಿಡಿಸಿ ನೋಡಿದರೆ ಸಣ್ಣಕ್ಷರದಲ್ಲಿ ಇಂಥದ್ದೇ ಷರತ್ತು ಕಾಣುತ್ತದೆ.

ಎರಡು ಬಗೆಯ ಕೋಣೆ

ಸ್ವಂತ ಬೀಗ ಹಾಕಿಕೊಳ್ಳುವ ಬಾಡಿಗೆ ಕೋಣೆಯ ಈಗಿನ ರೂಪ ಬೆಳೆದದ್ದು ಅಮೆರಿಕದಲ್ಲಿ, ಕಳೆದ ಶತಮಾನದ ಅರುವತ್ತರ ದಶಕದಲ್ಲಿ. ಊರಿಂದೂರಿಗೆ ಹೋಗುತ್ತಿದ್ದ ಟೆಕ್ಸಾಸ್‌ನ ತೈಲಬಾವಿ ಕೆಲಸಗಾರರಿಗೆ ಸಾಲು ಗ್ಯಾರೇಜುಗಳಂಥ ಕೋಣೆಗಳು ಬೇಕಾಗಿದ್ದವು. 1972ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಪಬ್ಲಿಕ್ ಸ್ಟೋರೇಜ್ ಕಂಪನಿ ಅದನ್ನು ದೊಡ್ಡ ಉದ್ಯಮವಾಗಿಸಿತು. ಬಾಡಿಗೆ ಕಟ್ಟದವರ ಕೋಣೆಗಳನ್ನು ಅಲ್ಲಿ ಹರಾಜು ಹಾಕುತ್ತಾರೆ. ಆ ಹರಾಜನ್ನೇ ತೋರಿಸುವ ಟಿವಿ ಕಾರ್ಯಕ್ರಮವೊಂದು 2010ರಲ್ಲಿ ಶುರುವಾಗಿ ವರ್ಷಗಟ್ಟಲೆ ಓಡಿತು. ಇಟ್ಟು ಮರೆತವರ ಸಾಮಾನು ಅಷ್ಟು ಇತ್ತು.

ನಮ್ಮಲ್ಲಿ ಎರಡು ಬಗೆ ನಡೆಯುತ್ತದೆ. ಒಂದರಲ್ಲಿ ಕಂಪನಿಯವರೇ ಮನೆಗೆ ಬಂದು, ಪ್ಯಾಕ್ ಮಾಡಿ, ಪೆಟ್ಟಿಗೆಗಳಿಗೆ ನಂಬರು ಅಂಟಿಸಿ, ಲಾರಿಯಲ್ಲಿ ಒಯ್ದು ತಮ್ಮ ಗೋದಾಮಿನಲ್ಲಿ ಇಡುತ್ತಾರೆ. ಬೇಕೆಂದಾಗ ಮೊದಲೇ ತಿಳಿಸಬೇಕು, ತಂದುಕೊಡಲು ಬೇರೆ ದುಡ್ಡು. ಇನ್ನೊಂದರಲ್ಲಿ ಕೋಣೆ ನಿಮ್ಮದು, ಬೀಗವೂ ನಿಮ್ಮದು. ಗೋದಾಮಿನ ವೇಳೆಯಲ್ಲಿ ನೀವೇ ಹೋಗಿ ತೆರೆಯಬಹುದು. ವರ್ಷವಿಡೀ ಮುಟ್ಟದ ಸಾಮಾನಿಗೆ ಮೊದಲನೆಯದು ಅಗ್ಗವೂ ಸುಲಭವೂ ಆಗುತ್ತದೆ. ಆಗಾಗ ಏನಾದರೂ ತೆಗೆಯುವುದಿದ್ದರೆ, ಅಂಗಡಿಯ ದಾಸ್ತಾನಿದ್ದರೆ ಎರಡನೆಯದೇ ವಾಸಿ. ಅಳತೆಗೆ ಒಂದು ಅಂದಾಜು ಹೇಳುವುದಾದರೆ, ಒಂದು ಮಲಗುವ ಕೋಣೆಯ ಮನೆಗೆ ಸುಮಾರು 50 ಚದರಡಿ, ಎರಡು ಮಲಗುವ ಕೋಣೆಯ ಮನೆಗೆ ಸುಮಾರು 100 ಚದರಡಿ. ಎತ್ತರವನ್ನೂ ಕೇಳಿ ತಿಳಿಯಬೇಕು. ನೂರು ಚದರಡಿಗೆ ಎಂಟಡಿ ಎತ್ತರ ಸಿಕ್ಕರೆ 800 ಘನಅಡಿ, ಆರಡಿಯಷ್ಟೇ ಸಿಕ್ಕರೆ 600.

ಹಣ ಕೊಡುವ ಮುನ್ನ ಜಾಗ ನೋಡಿ

ಫೋಟೊ ನೋಡಿ ಕೋಣೆ ಹಿಡಿಯಬಾರದು. ಮಳೆ ಬಂದ ಮಾರನೇ ದಿನ ಹೋಗಿ ನೋಡಿದರೆ ಇನ್ನೂ ಒಳ್ಳೆಯದು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಮಹದೇವಪುರ, ಹೊರವರ್ತುಲ ರಸ್ತೆಯ ಉದ್ದಕ್ಕೂ ನೀರು ನಿಂತದ್ದು ಬೆಂಗಳೂರಿನವರಿಗೆ ಮರೆತಿಲ್ಲ. ತಗ್ಗಿನ ಜಾಗ, ರಾಜಕಾಲುವೆಯ ಪಕ್ಕ, ನೆಲಮಾಳಿಗೆ, ಈ ಮೂರನ್ನೂ ಬಿಡಿ. ಮಾಡಿನ ತಗಡಿನಲ್ಲಿ ಸೋರಿಕೆಯ ಕಲೆ ಇದೆಯೇ, ಗೋಡೆಯಲ್ಲಿ ಮುಗ್ಗಲು ವಾಸನೆ ಇದೆಯೇ, ಮೂಲೆಗಳಲ್ಲಿ ಗೆದ್ದಲಿನ ಮಣ್ಣು ಇದೆಯೇ ನೋಡಿ. ಇಲಿ, ಜಿರಲೆಗೆ ಔಷಧಿ ಯಾವಾಗ ಹೊಡೆಸುತ್ತಾರೆ ಎಂದು ಕೇಳಿ.

ಬೆಂಕಿಯ ಬಗ್ಗೆ ಕೇಳುವುದು ಎಲ್ಲಕ್ಕಿಂತ ಮುಖ್ಯ. 2016ರ ಜೂನ್ 21ರಂದು ಹಾಂಕಾಂಗ್‌ನ ಕೌಲೂನ್ ಭಾಗದ ಹಳೆಯ ಕೈಗಾರಿಕಾ ಕಟ್ಟಡವೊಂದರ ಇಂಥ ಬಾಡಿಗೆ ಕೋಣೆಗಳಿಗೆ ಬೆಂಕಿ ಬಿತ್ತು. ಒತ್ತೊತ್ತಾಗಿ ನಿಂತ, ಬೀಗ ಜಡಿದ ಕೋಣೆಗಳನ್ನು ಒಂದೊಂದಾಗಿ ಒಡೆದು ನೀರು ಹಾಯಿಸಬೇಕಾಯಿತು. ಬೆಂಕಿ ಆರಲು ನಾಲ್ಕು ದಿನಕ್ಕೂ ಹೆಚ್ಚು ಹಿಡಿಯಿತು, ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಹಾಗಾಗಿ ಓಣಿಗಳು ಅಗಲವಾಗಿವೆಯೇ, ಹೊಗೆ ಪತ್ತೆಯ ಗಂಟೆ ಮತ್ತು ಮೇಲಿನಿಂದ ನೀರು ಚಿಮ್ಮುವ ಸ್ಪ್ರಿಂಕ್ಲರ್ ಇವೆಯೇ, ಹೊರಹೋಗುವ ದಾರಿ ತೆರವಾಗಿದೆಯೇ ಎಂಬುದನ್ನು ಕಣ್ಣಾರೆ ನೋಡಿಯೇ ಅಡ್ವಾನ್ಸ್ ಕೊಡಿ. ಇನ್ನೊಬ್ಬರ ಕೋಣೆಯಲ್ಲಿರುವ ಒಂದು ಡಬ್ಬ ಪೆಟ್ರೋಲಿನಿಂದ ನಿಮ್ಮ ಮನೆಯ ಸಾಮಾನು ಸುಡಬಹುದು. ನಿಮ್ಮ ಡಬ್ಬದಿಂದ ಇನ್ನೊಬ್ಬರದೂ ಸುಡಬಹುದು.

ಕಾಗದದಲ್ಲಿ ಏನಿದೆ

ಬ್ಯಾಂಕ್ ಲಾಕರಿನ ವಿಷಯದಲ್ಲಿ ರಿಸರ್ವ್ ಬ್ಯಾಂಕಿನ ಸ್ಪಷ್ಟ ನಿಯಮವಿದೆ. 2022ರ ಜನವರಿ 1ರಿಂದ ಜಾರಿಯಲ್ಲಿರುವ ಅದರ ಪ್ರಕಾರ ಬೆಂಕಿ, ಕಳ್ಳತನ, ಕಟ್ಟಡ ಕುಸಿತ, ಸಿಬ್ಬಂದಿಯ ವಂಚನೆಯಂಥ ಕಾರಣಕ್ಕೆ ನಷ್ಟವಾದರೆ ಬ್ಯಾಂಕು ಲಾಕರಿನ ವಾರ್ಷಿಕ ಬಾಡಿಗೆಯ ನೂರು ಪಟ್ಟಿನಷ್ಟು ಹೊಣೆ ಹೊರಬೇಕು. ಮನೆ ಸಾಮಾನಿನ ಬಾಡಿಗೆ ಕೋಣೆಗೆ ಅಂಥ ನಿಯಮದ ಆಸರೆ ಇಲ್ಲ. ಅಲ್ಲಿ ನಿಮ್ಮನ್ನು ಕಾಯುವುದು ನೀವು ಸಹಿ ಹಾಕುವ ಕರಾರು, ಅದರ ಹಿಂದಿರುವ ಸಾಮಾನ್ಯ ಕಾನೂನು.

ಕಂಪನಿಯೇ ಸಾಮಾನನ್ನು ವಶಕ್ಕೆ ಪಡೆದು ಇಟ್ಟುಕೊಂಡರೆ 1872ರ ಭಾರತೀಯ ಕರಾರು ಕಾಯ್ದೆಯ 148ನೇ ಕಲಮಿನಿಂದ ಮುಂದಿನ ಮಾತುಗಳು ಅನ್ವಯವಾಗುತ್ತವೆ. ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಜೋಪಾನ ಇಟ್ಟುಕೊಂಡವನು ಮಾಡಬೇಕು ಎನ್ನುತ್ತದೆ 151ನೇ ಕಲಮು. ಅಷ್ಟು ಮಾಡಿದ ಮೇಲೂ ನಷ್ಟವಾದರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಅವನು ಹೊಣೆಯಲ್ಲ ಎನ್ನುತ್ತದೆ 152. ಬೀಗ ನಿಮ್ಮ ಕೈಯಲ್ಲೇ ಇರುವ ಕೋಣೆಯಾದರೆ ಕರಾರು ಹೆಚ್ಚಾಗಿ ಜಾಗ ಬಳಸಲು ಕೊಟ್ಟ ಪರವಾನಗಿಯ ರೂಪದಲ್ಲಿರುತ್ತದೆ. ಒಳಗಿನ ಸಾಮಾನಿಗೆ ತಮ್ಮ ಹೊಣೆ ತೀರ ಕಡಿಮೆ ಎಂದು ಅವರು ಬರೆಸಿಕೊಳ್ಳುತ್ತಾರೆ. ಆದ್ದರಿಂದ ಸಹಿಗೆ ಮುನ್ನ ಐದು ಮಾತು ಓದಿ: ನಷ್ಟವಾದರೆ ಎಷ್ಟರ ಮಟ್ಟಿಗೆ ಪರಿಹಾರ, ಬಾಡಿಗೆ ಯಾವಾಗ, ಎಷ್ಟು ಏರುತ್ತದೆ, ಎಷ್ಟು ತಿಂಗಳ ಬಾಕಿಗೆ ಸಾಮಾನು ತಡೆಹಿಡಿಯುತ್ತಾರೆ ಅಥವಾ ಮಾರುತ್ತಾರೆ, ಬಿಡಲು ಎಷ್ಟು ದಿನ ಮುಂಚೆ ತಿಳಿಸಬೇಕು, ಗೋದಾಮನ್ನೇ ಬೇರೆಡೆಗೆ ಸಾಗಿಸಿದರೆ ನಿಮಗೆ ಹೇಳುತ್ತಾರೆಯೇ. ಮನೆಯ ವಿಮೆ ಸಾಮಾನ್ಯವಾಗಿ ಪಾಲಿಸಿಯಲ್ಲಿ ಬರೆದ ವಿಳಾಸಕ್ಕೆ ಮಾತ್ರ ಅನ್ವಯ. ಸಾಮಾನು ಜಾಗ ಬದಲಿಸಿದಾಗ ವಿಮಾ ಕಂಪನಿಗೂ ತಿಳಿಸಬೇಕು.

ಚಿನ್ನ, ಆಸ್ತಿಪತ್ರ, ಅಂಕಪಟ್ಟಿ, ಪಾಸ್‌ಪೋರ್ಟ್ ಗೋದಾಮಿಗೆ ಹೋಗಬಾರದು. ಗ್ಯಾಸ್ ಸಿಲಿಂಡರನ್ನು ಏಜೆನ್ಸಿಗೆ ಮರಳಿಸಿ, ಠೇವಣಿ ಹಿಂದೆ ಪಡೆದು ಚೀಟಿ ಇಟ್ಟುಕೊಂಡರೆ ಹೊಸ ವಿಳಾಸದಲ್ಲಿ ಸಂಪರ್ಕ ಸಿಗುತ್ತದೆ. ಬಣ್ಣ, ಥಿನ್ನರ್, ಪಟಾಕಿ, ದಿನಸಿ ಯಾವುದೂ ಬೇಡ. ಒಂದು ಹಿಡಿ ಅಕ್ಕಿ ಉಳಿದ ಡಬ್ಬಿಯೇ ಇಲಿಗೆ ಸಾಕು.

ಇಡುವ ಕೈಗೆ ತೆಗೆಯುವ ನೆನಪಿರಲಿ

ನಮ್ಮ ಕೋಣೆಯಲ್ಲಿ ಪುಸ್ತಕದ ಪೆಟ್ಟಿಗೆ ತೇವ ಹಿಡಿದದ್ದು ಅದನ್ನು ನೇರ ನೆಲದ ಮೇಲೆ, ಗೋಡೆಗೆ ಒತ್ತಿ ಇಟ್ಟಿದ್ದರಿಂದ. ನೆಲದಿಂದ ನಾಲ್ಕು ಬೆರಳು ಎತ್ತರಕ್ಕೆ ಮರದ ಪ್ಯಾಲೆಟ್ ಹಾಕಿ, ಗೋಡೆಯಿಂದಲೂ ಅಷ್ಟೇ ದೂರ ಬಿಟ್ಟಿದ್ದರೆ ಗಾಳಿ ಆಡುತ್ತಿತ್ತು. ಪುಸ್ತಕಕ್ಕೆ ಸಣ್ಣ ಪೆಟ್ಟಿಗೆಗಳೇ ಆಗಬೇಕು, ಒಬ್ಬರೇ ಎತ್ತುವಷ್ಟು ಭಾರ ಸಾಕು. ಒಣಗಿದ ಬೇವಿನ ಸೊಪ್ಪು, ಸಿಲಿಕಾ ಜೆಲ್ ಪೊಟ್ಟಣ ಒಳಗೆ ಹಾಕಬಹುದು. ಮರದ ಸಾಮಾನು, ಹಾಸಿಗೆಗಳಿಗೆ ಪ್ಲಾಸ್ಟಿಕ್ ಬಿಗಿದು ಸುತ್ತಿದರೆ ಒಳಗಿನ ತೇವ ಒಳಗೇ ಉಳಿದು ಬೂಷ್ಟು ಬರುತ್ತದೆ. ಅವುಗಳ ಮೇಲೆ ಹಳೆಯ ಹತ್ತಿ ಪಂಚೆ, ಸೀರೆ ಹೊದಿಸಿದರೆ ಧೂಳೂ ತಡೆಯುತ್ತದೆ, ಗಾಳಿಯೂ ಆಡುತ್ತದೆ.

ಫ್ರಿಜ್ಜನ್ನು ಎರಡು ದಿನ ಮುಂಚೆಯೇ ಆರಿಸಿ, ಒರೆಸಿ, ಒಣಗಿಸಿ, ಬಾಗಿಲಿಗೆ ಬಟ್ಟೆಯ ಉಂಡೆ ಸಿಕ್ಕಿಸಿ ಸಂದು ಬಿಟ್ಟಿರಬೇಕು, ನಿಲ್ಲಿಸಿಯೇ ಸಾಗಿಸಬೇಕು. ವಾಷಿಂಗ್ ಮಷೀನಿನ ಪೈಪಿನ ನೀರನ್ನೆಲ್ಲ ಹರಿಸಿ, ಮುಂಬಾಗಿಲಿನ ಮಷೀನಾದರೆ ಕೊಂಡಾಗ ಬಂದಿದ್ದ ಉದ್ದನೆಯ ಬೋಲ್ಟುಗಳನ್ನು ಡ್ರಮ್ಮಿಗೆ ಮತ್ತೆ ಹಾಕಿಸಬೇಕು. ಬೈಕಿನ ಪೆಟ್ರೋಲು ಖಾಲಿ ಮಾಡಿ ಬ್ಯಾಟರಿ ಕಳಚಬೇಕು. ಮಂಚ, ಮೇಜು ಬಿಚ್ಚಿದಾಗ ಅದರದರ ಮೊಳೆ, ಬೋಲ್ಟುಗಳನ್ನು ಪೊಟ್ಟಣ ಕಟ್ಟಿ ಅದದಕ್ಕೇ ಅಂಟಿಸಿಬಿಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಪಟ್ಟಿ. ನಾವು ಅವಸರದಲ್ಲಿ ಹನ್ನೊಂದು ಪೆಟ್ಟಿಗೆಗಳ ಮೇಲೆ ‘ಇತರೆ’ ಎಂದು ಬರೆದಿದ್ದೆವು. ಆ ದಸರೆಯ ನಂತರ ಅಕ್ಕ ಒಂದು ನೋಟುಬುಕ್ಕು ತಂದಳು. ಪ್ರತಿ ಪೆಟ್ಟಿಗೆಗೂ ನಂಬರು, ಮುಚ್ಚಳಕ್ಕಲ್ಲದೆ ಎರಡು ಪಕ್ಕಕ್ಕೂ. ನೋಟುಬುಕ್ಕಿನಲ್ಲಿ ನಾಲ್ಕು ಕಾಲಂ: ನಂಬರು, ಒಳಗೇನಿದೆ, ಕೋಣೆಯಲ್ಲಿ ಎಲ್ಲಿದೆ, ಮತ್ತೆ ಯಾವಾಗ ಬೇಕು. ಮುಚ್ಚುವ ಮುನ್ನ ಒಳಗಿನದಕ್ಕೆ ಫೋಟೊ. ನಡುವೆ ಒಂದೂವರೆ ಅಡಿ ಓಣಿ. ಭಾರದ್ದು ಕೆಳಗೆ, ಹಗುರದ್ದು ಮೇಲೆ, ವರ್ಷದೊಳಗೆ ಬೇಕಾಗುವುದೆಲ್ಲ ಬಾಗಿಲ ಬಳಿ.

ನಾಲ್ಕನೇ ಕಾಲಂ

‘ಮತ್ತೆ ಯಾವಾಗ ಬೇಕು’ ಎಂಬ ಆ ನಾಲ್ಕನೇ ಕಾಲಂ ತುಂಬಲು ಕೂತಾಗ ನಮಗೆ ನಿಜವಾದ ಕಷ್ಟ ಎದುರಾಯಿತು. ಹಂಡೆಗೆ ಗೃಹಪ್ರವೇಶ ಎಂದು ಬರೆದೆವು. ಹೊಲಿಗೆ ಯಂತ್ರಕ್ಕೆ, ಬೀರುವಿಗೆ ಹೊಸ ಮನೆ ಎಂದು ಬರೆದೆವು. ಕೆಟ್ಟ ಮಿಕ್ಸರ್, ಮೂರು ಹಳೆಯ ಸೂಟ್‌ಕೇಸು, ನಾನು ಓದುತ್ತಿದ್ದಾಗಿನ ಗೈಡುಗಳು, ಯಾರೋ ಕೊಟ್ಟ ಗಾಜಿನ ಸೆಟ್ಟುಗಳು, ಇವಕ್ಕೆಲ್ಲ ಬರೆಯಲು ದಿನವೇ ಇರಲಿಲ್ಲ. ದಿನವಿಲ್ಲದ ಸಾಮಾನಿಗೆ ನಾವು ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಿದ್ದೆವು.

ಲೆಕ್ಕ ಸರಳ. ಕೋಣೆಯ ಬಾಡಿಗೆ ತಿಂಗಳಿಗೆ 3,000 ರೂಪಾಯಿ ಎಂದುಕೊಳ್ಳಿ. 18 ತಿಂಗಳಿಗೆ 54,000. ಶೇ 18ರ ಜಿಎಸ್‌ಟಿ ಸೇರಿದರೆ 63,720. ಹೋಗುವಾಗ, ಬರುವಾಗ ಎರಡು ಸಲ ಲಾರಿ, ಹಮಾಲಿ ಬೇರೆ. ತೇಗದ ಬೀರು, ಒಳ್ಳೆಯ ಫ್ರಿಜ್ಜು, ಮಂಚ, ನಾನೂರು ಪುಸ್ತಕ ಉಳಿಯುವುದಾದರೆ ಈ ಖರ್ಚು ಖಂಡಿತ ಸಾರ್ಥಕ. ಹೊಸದಾಗಿ ಕೊಂಡರೆ ಹತ್ತಿರ ಹತ್ತಿರ ಅಷ್ಟೇ ಬೀಳುವ ಸಾಮಾನಾದರೆ ಮಾರಿಬಿಡುವುದೇ ಮೇಲು. ಅರ್ಧ ಸಾಮಾನು ದಾನ ಮಾಡಿ, 50 ಚದರಡಿಗೆ ಇಳಿದರೆ ಬಾಡಿಗೆಯೂ ಇಳಿಯುತ್ತದೆ.

ಹಾಗಾಗಿ ವಿಂಗಡಣೆ ನಡೆಯಬೇಕಾದ್ದು ಬೀಗ ಹಾಕುವ ಮುನ್ನ. ನಾವು ಬೀಗ ಹಾಕಿದ ಐದು ತಿಂಗಳಿಗೆ ಮಾಡಿದೆವು. ಗಾಜಿನ ಸೆಟ್ಟುಗಳನ್ನು ಬೇಕೆಂದವರಿಗೆ ಕೊಟ್ಟೆವು, ಗೈಡುಗಳು ಅವೆನ್ಯೂ ರಸ್ತೆಗೆ ಹೋದವು, ಮಿಕ್ಸರ್ ಗುಜರಿಗೆ. ಅಪ್ಪನ ಅಂಗಿಗಳ ಪೆಟ್ಟಿಗೆಯ ಮುಂದೆ ಮಾತ್ರ ಮೂವರೂ ಕೂತೇ ಇದ್ದೆವು. ಕೊನೆಗೆ ಅಮ್ಮ ಒಂದು ಅಂಗಿ ತೆಗೆದು ಮಡಿಲಲ್ಲಿಟ್ಟುಕೊಂಡು, ‘ಉಳಿದದ್ದು ತೊಡುವವರಿಗೆ ಕೊಡಿ’ ಅಂದರು. ಇಂಥದ್ದನ್ನು ಹೇಳುವ ಹಕ್ಕು ಮನೆಯ ಹಿರಿಯರದ್ದು. ಅವರನ್ನು ಕೂರಿಸಿಕೊಳ್ಳದೆ, ಅವರ ಕಣ್ಣು ತಪ್ಪಿಸಿ ವಿಂಗಡಿಸುವುದು ತಪ್ಪು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಈಗ ಯೋಚಿಸಿದರೆ, ನಮ್ಮ ಮನೆಯಲ್ಲಿ ಸಾಮಾನು ಇಡುವ ವಿದ್ಯೆ ಗೊತ್ತಿದ್ದವರು ಅಮ್ಮ ಒಬ್ಬರೇ. ಅವರ ಗೊಂಬೆಗಳನ್ನೇ ನೋಡಿ. ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ರಾಜ ರಾಣಿ, ಅವುಗಳ ಜತೆಗೆ ವರ್ಷಕ್ಕೊಂದರಂತೆ ಸೇರಿದ ಗೊಂಬೆಗಳು. ವರ್ಷಕ್ಕೊಮ್ಮೆ ಟ್ರಂಕು ಇಳಿಯುತ್ತದೆ. ಒಂದೊಂದನ್ನೂ ಬಿಚ್ಚಿ, ಒರೆಸಿ, ಬಣ್ಣ ಎದ್ದಿದ್ದರೆ ಹಚ್ಚಿ ಮೆಟ್ಟಿಲ ಮೇಲೆ ಕೂರಿಸುತ್ತಾರೆ. ವಿಜಯದಶಮಿಯ ರಾತ್ರಿ ಮಲಗಿಸಿ, ಮಾರನೇ ದಿನ ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ ಒಳಗಿಡುತ್ತಾರೆ. ಯಾವುದು ಯಾವ ಬಟ್ಟೆಯಲ್ಲಿದೆ ಎಂದು ಅವರಿಗೆ ನೋಡದೆಯೇ ಗೊತ್ತು. ಪಟ್ಟಿ ಇದೆ, ದಿನ ಇದೆ, ವರ್ಷಕ್ಕೊಮ್ಮೆ ಗಾಳಿ ಬೆಳಕು ಇದೆ. ಐವತ್ತು ವರ್ಷವಾದರೂ ಒಂದು ಗೊಂಬೆಗೂ ಹುಳು ಹಿಡಿದಿಲ್ಲ.

ಮರುವರ್ಷದ ನವರಾತ್ರಿಗೆ ನಾನೊಬ್ಬನೇ ಗೋದಾಮಿಗೆ ಹೋದೆ. ನೋಟುಬುಕ್ಕಿನಲ್ಲಿ ಒಂದನೇ ನಂಬರು, ಬಾಗಿಲ ಬಲಗಡೆ, ಪಾಡ್ಯಕ್ಕೆ ಮುನ್ನ ಎಂದಿತ್ತು. ಶಟರ್ ಎತ್ತಿ, ಟ್ರಂಕು ತೆಗೆದು, ಬೀಗ ಹಾಕಿ ಆಟೊ ಹತ್ತುವುದರಲ್ಲಿ ಹತ್ತು ನಿಮಿಷ. ಬಾಡಿಗೆ ಮನೆಯ ಇಕ್ಕಟ್ಟಿನಲ್ಲಿ ಮೂರೇ ಮೆಟ್ಟಿಲು ಜೋಡಿಸಿ ಅಮ್ಮ ಗೊಂಬೆ ಕೂರಿಸಿದರು.

ಡಿಸೆಂಬರಿನಲ್ಲಿ ಹೊಸ ಮನೆಗೆ ಬಂದೆವು. ನೋಟುಬುಕ್ಕಿನ ಸಾಲುಗಳನ್ನು ಅಕ್ಕ ಒಂದೊಂದಾಗಿ ಹೊಡೆದುಹಾಕಿದಳು. ಅಡುಗೆಮನೆಯ ಪಕ್ಕದ ಸಜ್ಜವನ್ನು ಮಾತ್ರ ಬಡಗಿ ಟ್ರಂಕಿನ ಅಳತೆಗೇ ಮಾಡಿದ್ದ. ಪ್ಲ್ಯಾನಿನಲ್ಲಿ ಅಮ್ಮ ಕೇಳಿ ಹಾಕಿಸಿದ ಒಂದೇ ಗೆರೆ ಅದು. ಗೋದಾಮಿನ ಬೀಗ ಈಗ ನಮ್ಮ ತಾರಸಿ ಬಾಗಿಲಿನಲ್ಲಿದೆ. ಸಜ್ಜಕ್ಕೆ ಬೀಗ ಹಾಕಿಲ್ಲ.